ಅದುಮಿದ ಬೆಳಕು

ನಮ್ಮ ಮೇಷ್ಟ್ರು ಹಾಜರಿ ಕರೆಯುತ್ತಿದ್ದುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ದಾವಣಗೆರೆಯ ಆ ಎಂ.ಎಸ್ಸಿ. ತರಗತಿಯಲ್ಲಿ ನಾವಿದ್ದದ್ದೇ ಬೆರಳೆಣಿಕೆಯಷ್ಟು ಜನ. ಯಾರ ಊರು ಯಾವುದು, ಯಾರು ಯಾವ ಲೆಕ್ಕದಲ್ಲಿ ಎಡವುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಆದರೂ ದಿನವೂ ಹಾಜರಿ ಪುಸ್ತಕ ತೆರೆದು ‘ನಂಬರ್ ಒನ್’ ಎಂದೇ ಶುರು ಮಾಡುತ್ತಿದ್ದರು. ನಂಬರ್ ಒನ್ ಎಂದರೆ ಮಾಯಕೊಂಡದ ಅರುಣ, ಎಣ್ಣೆ ಗಾಣದವರ ಮಗ. ‘ನಮ್ಮಪ್ಪ ಇಟ್ಟ ಹೆಸರು ಸರ್‌ಗೆ ಹಿಡಿಸಿಲ್ಲ ಕಾಣ್ತೈತೆ’ ಎಂದು ಅವನು ನಗುತ್ತಿದ್ದ. ಇದು ಹಳೆಯ ಕಾಲದ ಶಿಸ್ತಿರಬೇಕು ಎಂದುಕೊಂಡು ಉಳಿದವರು ಸುಮ್ಮನಿದ್ದೆವು.

ಮೇಷ್ಟ್ರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಬರೆಯಲೇ ಎಂದು ಅವರ ಮಗಳನ್ನು ಕೇಳಿದಾಗ ‘ಬರೀರಿ, ಹೆಸರು ಮಾತ್ರ ಬ್ಯಾಡ’ ಎಂದಳು. ಅವಳ ಹೆಸರನ್ನೂ ಬದಲಿಸಿ ಅನ್ನಪೂರ್ಣ ಎಂದು ಮಾಡಿದ್ದೇನೆ. ಮೊದಲ ಅಕ್ಷರವನ್ನು ಮಾತ್ರ ಬದಲಿಸಲಾಗಲಿಲ್ಲ. ಬದಲಿಸಿದರೆ ಹೇಳಲು ಏನೂ ಉಳಿಯುವುದಿಲ್ಲ.

ಮೇಷ್ಟ್ರು ಹರಿಹರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಹಣೆಯಲ್ಲಿ ಒರೆಸಿಯೂ ಉಳಿದ ವಿಭೂತಿಯ ಮಸುಕು, ಜೇಬಿನಲ್ಲಿ ಕಾಗದ ಸುತ್ತಿದ ಸೀಮೆಸುಣ್ಣ. ಅವರು ದನಿ ಎತ್ತರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಯಾವಾಗಲೂ ಒಂದೇ ಅಂತರ. ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸದ್ದಿಲ್ಲದೆ ತಾಳ ಹಾಕುತ್ತಿರುತ್ತಿತ್ತು. ಹುಡುಗರು ಅವರಿಗೆ ‘ಮೈನಸ್ ಡೆಸಿಬೆಲ್’ ಎಂದು ಅಡ್ಡಹೆಸರಿಟ್ಟಿದ್ದರು. ಅವರು ಕಲಿಸುತ್ತಿದ್ದ ವಿಷಯದಲ್ಲೇ ಆ ಮಾತು ಬರುತ್ತದೆ. ಕತ್ತಲಿನ ಗದ್ದಲಕ್ಕಿಂತಲೂ ಕಡಿಮೆ ಗದ್ದಲವಿರುವ ಬೆಳಕನ್ನು ಅಳೆಯುವಾಗ ಸೊನ್ನೆಯ ಕೆಳಗಿನ ಡೆಸಿಬೆಲ್‌ಗಳಲ್ಲಿ ಹೇಳುತ್ತಾರೆ.

ಕತ್ತಲಿಗೆ ಗದ್ದಲವಿದೆ ಎಂಬುದನ್ನು ನಾನು ಮೊದಲು ಕೇಳಿದ್ದು ಅವರಿಂದಲೇ. ‘ದೀಪ ಆರಿಸ್ರಿ, ಕಿಟಕಿ ಮುಚ್ರಿ, ಕೊನೇ ಕಿರಣಾನೂ ಹೊರಗೆ ಹಾಕ್ರಿ. ಉಳಿದಿದ್ದು ಸುಮ್ಮನಿರ್ತೈತೆ ಎಂದುಕೊಂಡ್ರೇನು? ಸುಮ್ಮನಿರಲ್ಲ. ನಡುಗ್ತಾ ಇರ್ತೈತೆ.’ ಬೆಳಕಿನ ಅಲೆಗೆ ಎರಡು ಅಳತೆಗಳಿವೆ, ಎರಡರಲ್ಲೂ ಈ ನಡುಕ ಇದ್ದೇ ಇರುತ್ತದೆ, ಎರಡನ್ನೂ ಒಟ್ಟಿಗೆ ಅಳಿಸಲು ಯಾರಿಂದಲೂ ಆಗದು ಎಂದು ಹೇಳಿ, ಫಲಕದ ಮೇಲೆ ಒಂದು ವೃತ್ತ ಬರೆದರು. ಅದು ನಡುಕದ ಹರವು. ಆಮೇಲೆ ಚೀಲದಿಂದ ಮಂಡಕ್ಕಿ ಪ್ಯಾಕೆಟ್ಟು ತೆಗೆದು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದರು. ಒತ್ತಿದ ಕಡೆ ಪ್ಯಾಕೆಟ್ಟು ಚಪ್ಪಟೆಯಾಯಿತು, ಪಕ್ಕಗಳಲ್ಲಿ ಉಬ್ಬಿತು.

‘ಒಳಗಿನ ಮಂಡಕ್ಕಿ ಕಡಿಮೆ ಆಯ್ತೇನು?’

‘ಇಲ್ಲ ಸರ್.’

‘ಹಂಗೇ ಇದೂ. ಒಂದು ಕಡೆ ನಡುಕ ಕಡಿಮೆ ಮಾಡಬಹುದು, ಎಷ್ಟು ಬೇಕಾದ್ರೂ. ಇನ್ನೊಂದು ಕಡೆ ಹೆಚ್ಚಾಗ್ತೈತೆ. ವೃತ್ತ ಹೋಗಿ ಮೊಟ್ಟೆ ಆಕಾರ ಬರ್ತೈತೆ. ಮೊಟ್ಟೆಯ ಹರವು ವೃತ್ತದ ಹರವಿಗಿಂತ ಕಡಿಮೆ ಆಗಲ್ಲ.’

ಅರುಣ ಎದ್ದು ನಿಂತ. ‘ಹಂಗಾದ್ರೆ ಸರ್, ಇದಕ್ಕೆ ಕನ್ನಡದಾಗೆ ಹಿಂಡಿದ ಬೆಳಕು ಅನ್ನಬಹುದಲ್ರಿ? ನಮ್ಮ ಗಾಣದಾಗೂ ಕ್ವಾಂಟಮ್ ಐತೆ ಅಂತ ನಮ್ಮಪ್ಪಗೆ ಹೇಳ್ತೀನಿ.’

ತರಗತಿ ನಕ್ಕಿತು. ಅವರು ನಗಲಿಲ್ಲ. ‘ಗಾಣದಾಗೆ ಹಿಂಡಿದ್ರೆ ಏನು ಬರ್ತೈತೆ?’

‘ಎಣ್ಣೆ ಸರ್.’

‘ಏನು ಉಳೀತೈತೆ?’

‘ಹಿಂಡಿ ಸರ್. ಎಮ್ಮೆಗೆ ಹಾಕ್ತೀವಿ.’

‘ಇಲ್ಲಿ ಎಣ್ಣೆ ಬರಲ್ಲ. ಏನೂ ಹೊರಗೆ ಹೋಗಲ್ಲ, ಎಲ್ಲಾ ಒಳಗೇ ಇರ್ತೈತೆ. ಹಿಂಡಿದ ಬೆಳಕು ತಪ್ಪು ಪದ.’ ತಿರುಗಿ ಫಲಕದ ಮೇಲೆ ದಪ್ಪಕ್ಷರದಲ್ಲಿ ‘ಅದುಮಿದ ಬೆಳಕು’ ಎಂದು ಬರೆದು, ಕೆಳಗೆ ಗೆರೆ ಎಳೆದು, ಸೀಮೆಸುಣ್ಣದ ತುದಿಯಿಂದ ತೋರಿಸಿದರು. ‘ಓದಪ್ಪ.’

ಅರುಣ ಓದಿದ. ಅವತ್ತಿನಿಂದ ನಮಗೆ ಅದೇ ಪದವಾಯಿತು. ಒಳ್ಳೆಯ ಪದ. ಅಳು ಅದುಮುತ್ತೇವೆ, ಸಿಟ್ಟು ಅದುಮುತ್ತೇವೆ. ಅದುಮಿದ್ದು ಎಲ್ಲಿಗೂ ಹೋಗಿರುವುದಿಲ್ಲ ಎಂಬುದು ಹೇಳುವವರಿಗೂ ಕೇಳುವವರಿಗೂ ಗೊತ್ತಿರುತ್ತದೆ.

ಗಂಟೆ ಹೊಡೆದ ಮೇಲೆ ಬಾಗಿಲ ಬಳಿ ನಿಂತು ಇನ್ನೊಂದು ಮಾತು ಹೇಳಿದರು. ‘ಈ ಮೊಟ್ಟೆ ನಿಂತಲ್ಲಿ ನಿಲ್ಲಲ್ಲ, ತಿರುಗ್ತಾ ಇರ್ತೈತೆ. ಈಗ ಶಾಂತ ಕಾಣೋ ಕಡೆ ಕಾಲು ಸುತ್ತು ಆದ್ಮೇಲೆ ಗದ್ದಲದ ಕಡೆ. ಯಾವ ಹೊತ್ತಿಗೆ ನೋಡ್ತೀರಿ, ಮುಖ್ಯ ಇದೇ.’ ಯಾಕೋ ಆ ಮಾತು ನನಗೆ ಪಾಠದಂತೆ ಕೇಳಿಸಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಅವರನ್ನೇ ಕೇಳಿಕೊಂಡೆ. ಅದುಮಿದ ಬೆಳಕು ದಾರಿಯಲ್ಲಿ ಸೋರಿದರೆ ಏನಾಗುತ್ತದೆ ಎಂಬ ಲೆಕ್ಕ ಕೊಟ್ಟರು. ಆ ಬೆಳಕು ಹುಟ್ಟುವುದು ಜೋಡಿ ಜೋಡಿ ಕಣಗಳಾಗಿ. ಒಂದು ಕಣ ಕನ್ನಡಿಯ ಮಬ್ಬಿನಲ್ಲಿ ಕಳೆದುಹೋದರೂ ಜೋಡಿ ಮುರಿಯುತ್ತದೆ. ಮುರಿದ ಜಾಗದಲ್ಲಿ ಹೊರಗಿನ ಕತ್ತಲಿನ ನಡುಕ ಬಂದು ಕೂರುತ್ತದೆ. ಅದನ್ನು ತಿರುಗಿ ಹೊರಗಟ್ಟಲು ಬರುವುದಿಲ್ಲ. ಕಾಲೇಜಿನಲ್ಲಿ ಇದ್ದ ಕಂಪ್ಯೂಟರಿಗೆ ಸದಾ ಸರದಿ ಇರುತ್ತಿದ್ದುದರಿಂದ ಕಾಗದದ ಮೇಲಿನ ಲೆಕ್ಕವೇ ಹೆಚ್ಚು. ಭಾನುವಾರಗಳಲ್ಲಿ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಿಂದ ಹೊರಟು ಬಸ್ಸು ಹತ್ತಿ ಹರಿಹರದ ಅವರ ಮನೆಗೆ ಹೋಗತೊಡಗಿದೆ.

ನದಿಗೆ ಇಳಿಯುವ ಓಣಿಯಲ್ಲಿ ಉದ್ದನೆಯ, ಕತ್ತಲೆ ನಡುಮನೆಯ ಮನೆ. ಮೊದಲ ದಿನ ‘ಬರ್ರಿ, ಕೂಡ್ರಿ’ ಎಂದವರು, ನಾನು ಕೂರುವ ಮೊದಲೇ ‘ಒಂದು ವಿಷಯ. ಈ ಮನೆಯಾಗೆ ಮಾತು ಕೊಡಬ್ಯಾಡ್ರಿ’ ಎಂದರು. ಭಾಷೆ ಕೊಡುವುದು, ಆಣೆ ಇಡುವುದು ಇವರಿಗೆ ಸೇರದೇನೋ ಎಂದುಕೊಂಡೆ. ಅಷ್ಟರಲ್ಲಿ ಮಗಳು ನೀರಿನ ತಂಬಿಗೆ ಹಿಡಿದು ಬಂದಳು. ಹೆಸರು ಕೇಳಿದೆ. ಅವಳ ಬಾಯಿ ತೆರೆಯಿತು, ಕುತ್ತಿಗೆಯ ನರ ಬಿಗಿಯಿತು, ದನಿ ಬರಲಿಲ್ಲ. ‘ಅನಿತಾನಾ?’ ಎಂದುಬಿಟ್ಟೆ. ಅವಳು ಹೌದೆಂದು ತಲೆಯಾಡಿಸಿದಳು. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ಮಾತು ಕೊಡೋದು ಎಂದ್ರೆ ಇದೇ. ನೀವು ಕೊಟ್ರಿ, ಈಕೆ ತಗೊಂಡ್ಲು. ಈಗ ನಿಮ್ಮ ಪಾಲಿಗೆ ಈಕೆ ಬೇರೆ ಯಾರೋ.’

ಅನ್ನಪೂರ್ಣಳಿಗೆ ಉಗ್ಗು ಇತ್ತು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಹಿಂದಿನ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ವೈವಾದಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಹೆಸರು ಕೇಳಿದ್ದರು. ಇವಳಿಂದ ಹೇಳಲಾಗಲಿಲ್ಲ. ‘ಹೆಸರೂ ಮನೇಲಿ ಬಿಟ್ಟು ಬಂದ್ಯೇನಮ್ಮ?’ ಎಂದು ಅವರು ನಕ್ಕರು, ಜೊತೆಗಿದ್ದವರೂ ನಕ್ಕರು. ಗೊತ್ತಿದ್ದ ಉತ್ತರಗಳನ್ನೆಲ್ಲ ನುಂಗಿಕೊಂಡು ಎದ್ದು ಬಂದಿದ್ದಳು. ಈ ವರ್ಷದ ವೈವಾದಲ್ಲಿ ಅವಳು ತನ್ನ ಹೆಸರನ್ನು ತಾನೇ ಹೇಳಬೇಕು. ಆ ಮನೆಯಲ್ಲಿ ಉಳಿದದ್ದೆಲ್ಲ ಈ ಒಂದು ವಿಷಯದ ಸುತ್ತ ನಡೆಯುತ್ತಿತ್ತು.

ಅದಕ್ಕಾಗಿ ಮೇಷ್ಟ್ರು ಎರಡು ಕಟ್ಟಳೆ ಮಾಡಿದ್ದರು. ಅವಳು ಪದ ಹುಡುಕುತ್ತಿರುವಾಗ ಯಾರೂ ಒದಗಿಸಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ಇದು ಮೊದಲನೆಯದು. ಬಾರದ ಪದದ ಬದಲು ಬರುವ ಪದ ಹಾಕಿ ಅವಳು ತಪ್ಪಿಸಿಕೊಳ್ಳಬಾರದು. ಇದು ಎರಡನೆಯದು. ಎರಡನೆಯದು ಕಷ್ಟದ್ದಾಗಿತ್ತು, ಯಾಕೆಂದರೆ ಅನ್ನಪೂರ್ಣ ಅದರಲ್ಲಿ ಪಳಗಿದವಳು. ‘ಅ’ ಅವಳಿಗೆ ಬರುತ್ತಿರಲಿಲ್ಲ. ಅಕ್ಕಿಯನ್ನು ‘ರೈಸು’ ಎನ್ನುತ್ತಿದ್ದಳು, ಅಂಗಡಿಗೆ ‘ಪ್ಯಾಟೆಗೆ’ ಎನ್ನುತ್ತಿದ್ದಳು. ಅಪ್ಪನನ್ನು ‘ಸರ್’ ಎಂದು ಕರೆಯುತ್ತಿದ್ದಳು. ಮನೆಗೆ ಬಂದವರು ಅದನ್ನು ಗೌರವ ಎಂದುಕೊಂಡು ಮೆಚ್ಚುತ್ತಿದ್ದರು. ಮೇಷ್ಟ್ರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಮರಿ’ ಎನ್ನುತ್ತಿದ್ದರು. ಅದು ಮುದ್ದು ಎಂದು ನಾನು ತಿಳಿದಿದ್ದೆ.

ನಮ್ಮ ವಿಭಾಗದಲ್ಲಿ ಪದವಿ ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ವಿಜ್ಞಾನ ಭಾಷಣ ಮಾಡಿಸುವ ಏರ್ಪಾಡೊಂದಿತ್ತು. ವೈವಾಕ್ಕೆ ಮುಂಚೆ ಅಲ್ಲಿ ಮಾತಾಡಿದರೆ ಹೆದರಿಕೆ ಹೋಗುತ್ತದೆ ಎಂದು ಅವಳ ಹೆಸರನ್ನು ಅವರೇ ಬರೆಸಿದ್ದರು. ವಿಷಯ ಅದುಮಿದ ಬೆಳಕು. ನನ್ನ ಲೆಕ್ಕ ಮುಗಿದ ಮೇಲೆ ಅವಳ ಮಾತಿಗೆ ನಾನು ಕೇಳುಗಳಾಗಬೇಕಿತ್ತು. ಅವರು ಆರಾಮ ಕುರ್ಚಿಯಲ್ಲಿ ಕೂತು ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ಅವಳು ಆ ತಾಳಕ್ಕೆ ಒಂದೊಂದೇ ಪದ ಇಡುತ್ತಿದ್ದಳು. ವಾರದಿಂದ ವಾರಕ್ಕೆ ಮಾತು ನಯವಾಯಿತು. ಆ ಒಂದು ಪದ ಬಂದಾಗ ಮಾತ್ರ ‘ಹಿಂಡಿದ’ ಎಂದು ಸಲೀಸಾಗಿ ಜಾರಿಬಿಡುತ್ತಿದ್ದಳು.

‘ಮರಿ. ಪದ ಬದಲಿಸಬ್ಯಾಡ.’

‘ಹಿಂಡಿದ ಎಂದ್ರೂ ತಿಳಿತೈತಲ್ಲ ಸರ್.’

‘ತಿಳಿಯೋದು ಬೇರೆ, ಸರಿ ಬೇರೆ. ಹಿಂಡಿದ್ರೆ ಏನೋ ಹೊರಗೆ ಹೋಗ್ತೈತೆ. ಮತ್ತೆ ಹೇಳು.’

ಅವಳು ಮತ್ತೆ ಹೇಳುತ್ತಿದ್ದಳು, ಬರುತ್ತಿರಲಿಲ್ಲ, ನಾವು ಕಾಯುತ್ತಿದ್ದೆವು. ಗಡಿಯಾರದ ಸದ್ದು, ನದಿಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು. ಅವರು ಒಮ್ಮೆಯೂ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತಿತ್ತು.

ಅಡುಗೆಮನೆಯಲ್ಲಿ ಅವಳ ಅಮ್ಮ ದನಿ ತಗ್ಗಿಸಿ ಹೇಳಿದರು: ‘ಮಾತು ಸರಿಹೋದಂಗೆಲ್ಲ ಊಟ ಹೋಗವಲ್ದು ನೋಡ್ರಿ. ಗಂಟಲಾಗೆ ಇಳಿಯಲ್ಲ ಅಂತಾಳೆ. ಮುಂಜಾನೆ ಅರ್ಧ ರೊಟ್ಟಿ, ಅದೂ ನೀರು ಕುಡಿದು ಕುಡಿದು. ನಮ್ಮತ್ತೆ ಲೋಕಿಕೆರೆಯಿಂದ ಬಂದಾಗೆಲ್ಲ ಬಜೆ ಬೇರು ಹಿಡ್ಕೊಂಡೇ ಬರ್ತಾರೆ. ತೇಯ್ದು ನಾಲಿಗೆಗೆ ಹಚ್ಚೇ ಅಂತಾರೆ, ಇವನಿಗೂ ಹಿಂಗೇ ಹಚ್ಚಿ ಹಚ್ಚಿ...’ ಅಲ್ಲಿಗೆ ನಿಲ್ಲಿಸಿ, ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಸಾರು ಇನ್ನೂ ಕುದಿದಿರಲಿಲ್ಲ.

ಬಸ್ ನಿಲ್ದಾಣದ ತನಕ ಅನ್ನಪೂರ್ಣ ನನ್ನನ್ನು ಬಿಡಲು ಬರುತ್ತಿದ್ದಳು. ದಾರಿಯಲ್ಲಿ ಅವಳ ಮಾತು ಬೇರೆಯೇ. ಎಲ್ಲಿ ಬೇಕಾದಲ್ಲಿ ಸಿಕ್ಕಿಹಾಕಿಕೊಂಡು, ನಕ್ಕು, ಕೈ ಬೀಸಿ, ಮುಂದೆ ಹೋಗುವ ಮಾತು. ‘ಸರ್ ಮುಂದೆ ನಾನು ಲೇ-ಲೇಸರ್. ನಿಮ್ಮ ಮುಂದೆ ನಲ್ವತ್ತು ಕ್ಯಾಂಡಲ್ ಬ-ಬಲ್ಬು’ ಎಂದಳೊಮ್ಮೆ.

‘ಬಲ್ಬೇ ಚೆನ್ನಾಗಿದೆ’ ಎಂದೆ.

‘ಬಲ್ಬಿಗೆ ವೈವಾದಲ್ಲಿ ಮಾ-ಮಾರ್ಕ್ಸ್ ಕೊಡಲ್ಲಲ್ರಿ.’ ಸ್ವಲ್ಪ ದೂರ ನಡೆದ ಮೇಲೆ, ‘ಸರ್‌ಗೆ ಸಿಟ್ಟು ಬರಲ್ಲ. ನಂಗೆ ಹೆದರಿಕೆ ಇರೋದು ಇದಕ್ಕೇ’ ಎಂದಳು. ಈ ವಾಕ್ಯ ಮಾತ್ರ ಎಲ್ಲೂ ತಡೆಯದೆ ಬಂತು.

ಭಾಷಣದ ಮಧ್ಯಾಹ್ನ ನಮ್ಮ ವಿಭಾಗದ ಸಭಾಂಗಣ ತುಂಬಿತ್ತು. ಮೇಷ್ಟ್ರು ಮುಂದಿನ ಸಾಲಿನಲ್ಲಿ, ಅವರ ಹೆಂಡತಿ ಪಕ್ಕದಲ್ಲಿ. ಅನ್ನಪೂರ್ಣ ವೇದಿಕೆಗೆ ಬಂದಳು. ಮುಖದಲ್ಲಿ ಮೂಳೆ ಕಾಣುತ್ತಿತ್ತು. ‘ಕತ್ತಲೆ ಎಂದರೆ ಮೌನವಲ್ಲ’ ಎಂದು ಶುರು ಮಾಡಿದಳು. ಒಂದೊಂದು ಪದವೂ ಸಮ ಅಂತರದಲ್ಲಿ, ತಗ್ಗಿದ ದನಿಯಲ್ಲಿ. ನನ್ನ ಪಕ್ಕ ಕೂತಿದ್ದ ಅರುಣ ಪಿಸುಗುಟ್ಟಿದ: ‘ಥೇಟ್ ಮೈನಸ್ ಡೆಸಿಬೆಲ್. ಕಣ್ಣು ಮುಚ್ಚಿದ್ರೆ ಸರ್ರೇ ಮಾತಾಡಿದಂಗೆ ಐತೆ.’ ವೃತ್ತ, ಮೊಟ್ಟೆ, ಹರವು ಎಲ್ಲ ಸರಿಯಾಗಿ ಬಂದವು. ‘ಇಂಥ ಬೆಳಕನ್ನು ಕನ್ನಡದಲ್ಲಿ...’ ಎಂದವಳು ನಿಂತಳು.

ಬಾಯಿ ತೆರೆದೇ ಇತ್ತು. ಜನ ಕಾದರು, ಆಮೇಲೆ ಅಲುಗಾಡಿದರು. ಮುಂದೆ ಕೂತಿದ್ದ ಒಬ್ಬ ಉಪನ್ಯಾಸಕಿ ಮರುಕದಿಂದ ‘ಹಿಂಡಿದ ಅಂತ ಹೇಳಮ್ಮಾ, ಪರವಾಗಿಲ್ಲ’ ಎಂದರು. ಹಿಂದಿನಿಂದ ಇನ್ಯಾರೋ ‘ಹಿಂಡಿದ, ಹಿಂಡಿದ’ ಎಂದರು. ಮೇಷ್ಟ್ರು ಎದ್ದು ಸಭೆಯ ಕಡೆ ತಿರುಗಿದರು. ‘ಯಾರೂ ಮಾತು ಕೊಡಬ್ಯಾಡ್ರಿ. ಕಾಯ್ರಿ.’

‘ಮಾತಲ್ಲ ಸರ್, ಒಂದೇ ಒಂದು ಪದ’ ಎಂದರು ನಮ್ಮ ವಿಭಾಗದ ಮುಖ್ಯಸ್ಥರು, ನಗುತ್ತ. ‘ನಿಮ್ಮದೇ ಪದ. ನೀವೇ ಹೇಳಿಬಿಡ್ರಿ. ಹುಡುಗಿ ಎಷ್ಟೊತ್ತು ನಿಲ್ತಾಳೆ ಪಾಪ?’

ಎಲ್ಲರೂ ಅವರನ್ನು ನೋಡಿದರು. ವೇದಿಕೆಯ ಮೇಲಿಂದ ಮಗಳೂ ನೋಡಿದಳು. ಅವರು ಬಾಯಿ ತೆರೆದರು.

ಆಗ ನನಗೆ ಒಮ್ಮೆಲೇ ಹೊಳೆಯಿತು. ಆ ಪದವನ್ನು ಅವರ ಬಾಯಿಂದ ನಾನು ಒಂದು ಸಲವೂ ಕೇಳಿರಲಿಲ್ಲ. ಬರೆದದ್ದು ಅವರು, ಓದಿದ್ದು ಅರುಣ, ಬಳಸಿದ್ದು ನಾವು. ‘ಅ’ದಿಂದ ಶುರುವಾಗುವ ಯಾವ ಪದವನ್ನೂ ಅವರಿಂದ ಕೇಳಿದ ನೆನಪು ಬರಲಿಲ್ಲ. ಅವರ ದವಡೆ ಎಡಕ್ಕೆ ಎಳೆಯಿತು, ಕಣ್ಣು ಬಿಗಿಯಾಗಿ ಮುಚ್ಚಿತು, ಕುತ್ತಿಗೆಯ ನರ ಮಗಳದೇ ರೀತಿ ಎದ್ದು ನಿಂತಿತು. ‘ಅ... ಅ...’ ಎಂಬ ಒಡಕು ಸದ್ದು. ಬೆರಳು ತಾಳ ಹುಡುಕಿತು, ಸಿಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಮೇಷ್ಟ್ರು ಮಗಳನ್ನು ಅಣಕಿಸುತ್ತಿದ್ದಾರೆಂದು ತಿಳಿದಿರಬೇಕು. ಆ ನಗು ಅರ್ಧಕ್ಕೇ ನಿಂತಿತು.

ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು. ಅವರಿಗೊಬ್ಬರಿಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ. ಅನ್ನಪೂರ್ಣ ಅಪ್ಪನನ್ನು ಮೊದಲ ಸಲ ಕಾಣುತ್ತಿರುವಂತೆ ನೋಡುತ್ತಿದ್ದಳು. ಆಮೇಲೆ ಮೈಕಿನ ಹತ್ತಿರ ಬಾಯಿ ತಂದು, ‘ಸರ್, ನಿ-ನಿಧಾನ. ನಾವು ಕಾ-ಕಾಯ್ತೀವಿ’ ಎಂದಳು.

ಸಭೆ ಕಾಯಿತು. ಪದ ಬರಲಿಲ್ಲ. ಅವರು ಕೂತರು. ಅವಳು ‘ಹಿಂಡಿದ ಬೆಳಕು’ ಎಂದೇ ಉಳಿದ ಭಾಷಣವನ್ನು ತನ್ನದೇ ಉಗ್ಗಿನಲ್ಲಿ, ಕೈ ಬೀಸಿಕೊಂಡು ಮುಗಿಸಿದಳು.

ಹುಡುಗನಾಗಿದ್ದಾಗಿನ ಉಗ್ಗನ್ನು ಅವರು ತಾಳದಿಂದ ಅದುಮಿಟ್ಟಿದ್ದರು. ತಾಳಕ್ಕೆ ಬಗ್ಗದ ‘ಅ’ವನ್ನು, ಬಾರದ ಪದದ ಜಾಗದಲ್ಲಿ ಬರುವ ಪದ ಹಾಕಿ ದಾಟುತ್ತಿದ್ದರು. ಮಗಳಿಗೆ ಮಾತ್ರ ಆ ದಾರಿ ಬೇಡವೆಂದಿದ್ದರು. ಒಮ್ಮೆ ಸೋರಿದ್ದು ಮತ್ತೆ ಕೂಡಿಕೊಳ್ಳಲಿಲ್ಲ. ಮರುದಿನ ಹಾಜರಿ ಕರೆಯುವಾಗ ‘ನಂಬರ್’ ಎಂಬಲ್ಲೇ ಸಿಕ್ಕಿಕೊಂಡರು. ಆವರೆಗೆ ಬರುತ್ತಿದ್ದ ಅಕ್ಷರಗಳೂ ಬಾರದಾದವು. ಕೆಲವು ದಿನ ಎಲ್ಲವನ್ನೂ ಫಲಕದ ಮೇಲೆ ಬರೆದು ಕಲಿಸಿದರು. ಕಾರಿಡಾರಿನಲ್ಲಿ ಅಣಕ ಕೇಳಿಸತೊಡಗಿದ ಮೇಲೆ ದೀರ್ಘ ರಜೆ ಹಾಕಿದರು.

ನಾನು ಹೋದಾಗ ಅವರೇ ಬಾಗಿಲು ತೆರೆದು, ‘ಬ-ಬರ್ರಿ. ಈಗ ನಿಮ್ಮ ಪ್ರಾ-ಪ್ರಾಜೆಕ್ಟು ನಾನೇ’ ಎಂದರು. ನಗುತ್ತಿದ್ದರು. ಮನೆ ಹಗುರಾಗಿತ್ತು. ಅನ್ನಪೂರ್ಣ ನನ್ನೆದುರೇ ತಟ್ಟೆ ತುಂಬ ಉಂಡಳು. ಅಪ್ಪ ಮಗಳು ಎದುರುಬದುರು ಕೂತು, ಒಬ್ಬರ ಮಾತಿಗೆ ಇನ್ನೊಬ್ಬರು ಕಾಯುತ್ತ, ಒಂದು ಸಣ್ಣ ವಿಷಯಕ್ಕೆ ಇಡೀ ಮಧ್ಯಾಹ್ನ ಹಿಡಿಯುತ್ತಿದ್ದರು. ‘ನಮ್ಮನೆಯಾಗೆ ಈಗ ಜಗಳ ಆಡಾಕೂ ಟೈಮ್ ಸಾಲ್ದು’ ಎಂದರು ಅವಳ ಅಮ್ಮ.

ವೈವಾ ಬಂತು. ಈ ಸಲದ ಪರೀಕ್ಷಕರು ಬೇರೆಯವರು. ಹೆಸರು ಕೇಳಿದಾಗ ಅನ್ನಪೂರ್ಣ ‘ಸರ್, ನಂಗೆ ಉ-ಉಗ್ಗು ಐತೆ. ಹೆಸರು ಹೇಳಾಕೆ ಟೈಮ್ ಹಿಡೀತೈತೆ. ನೀವು ಕಾ-ಕಾಯ್ಬೇಕು’ ಎಂದಳಂತೆ. ಅವರು ಪೆನ್ನು ಕೆಳಗಿಟ್ಟು ಕಾದರಂತೆ. ಬಂತು. ಕಿಟಕಿಯ ಹೊರಗೆ ನಿಂತಿದ್ದ ಮೇಷ್ಟ್ರು ಅದನ್ನು ಕೇಳಿಸಿಕೊಂಡರು.

ಅವರ ಕಟ್ಟಳೆ ಗೆದ್ದಿತ್ತು. ಎರಡನೆಯದು ಮುರಿದುಬಿದ್ದರೂ ಮೊದಲನೆಯದು, ಕಾಯುವುದು, ಗೆದ್ದಿತ್ತು. ಆಮೇಲೆ ಅವರಿಗೆ ಇನ್ನೊಂದು ಹಟ ಹುಟ್ಟಿತು. ಅವಳ ಹೆಸರು ಅವರ ತಾಯಿ ಇಟ್ಟದ್ದು. ತೊಟ್ಟಿಲ ಶಾಸ್ತ್ರದ ದಿನದಿಂದ ಒಮ್ಮೆಯೂ ಅವರು ಅದನ್ನು ಬಾಯಿಬಿಟ್ಟು ಕರೆದಿರಲಿಲ್ಲ. ‘ಇ-ಇನ್ನು ನನ್ನ ವೈವಾ. ಒಂದ್ಸಲ ಹೆಸರು ಹಿಡಿದು ಕ-ಕರೀಬೇಕು. ಪೂರ್ತಿ’ ಎಂದರು ನನಗೆ. ದಿನದ ಯಾವ ಹೊತ್ತಿಗಾದರೂ ಹೊರಗಿನ ಕೋಣೆಯಿಂದ ‘ಅ...’ ಎಂದು ಶುರು ಮಾಡುತ್ತಿದ್ದರು. ಆಗ ತಾಯಿ ಮಗಳು ಇದ್ದಲ್ಲೇ ನಿಲ್ಲುತ್ತಿದ್ದರು. ಅವಳು ‘ಓ’ ಎನ್ನುವಂತಿರಲಿಲ್ಲ, ಎದುರಿಗೆ ಹೋಗುವಂತಿರಲಿಲ್ಲ; ಹೋದರೆ ಕರೆಯುವ ಕಾರಣವೇ ಇರುವುದಿಲ್ಲ. ಬಾರದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರು ಮಾಡುತ್ತಿದ್ದರು.

ಪ್ರಾಜೆಕ್ಟಿಗೆ ಸಹಿ ಹಾಕಿಸಿಕೊಳ್ಳಲು ಹೋದ ದಿನ ನಾನೂ ಅದನ್ನು ನೋಡಿದೆ. ನಾವು ಮೂವರು ಹೆಂಗಸರು ಅಡುಗೆಮನೆಯಲ್ಲಿದ್ದೆವು. ಒಲೆಯ ಮೇಲೆ ಹಾಲಿತ್ತು. ಹೊರಗಿನಿಂದ ‘ಅ...’ ಬಂತು. ಅಮ್ಮ ಕೈ ಎತ್ತಿದರು. ಹಾಲು ಏರಿತು, ಅಂಚಿಗೆ ಬಂತು, ಉಕ್ಕಿತು, ಒಲೆಯನ್ನು ಆರಿಸಿ ಕಟ್ಟೆಯ ಮೇಲೆ ಹರಿಯಿತು. ಗ್ಯಾಸಿನ ವಾಸನೆ ಬಂತು. ಅವರಿಬ್ಬರೂ ಬಾಗಿಲ ಕಡೆಗೇ ಕಿವಿ ಕೊಟ್ಟು ನಿಂತಿದ್ದರು. ನಾನೇ ಹೋಗಿ ಗ್ಯಾಸು ತಿರುಗಿಸಿದೆ. ಆ ಸದ್ದಿಗೆ ಅನ್ನಪೂರ್ಣ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಅವತ್ತು ನನಗೆ ಹೆದರಿಕೆಯಾದದ್ದು ಗ್ಯಾಸಿಗಲ್ಲ.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಮಣ್ಣು ಮುಗಿದಿತ್ತು. ಮರುದಿನ ಹೋದೆ. ಸಾವಿನ ಮನೆಗೆ ಬಂದವರು ಮೊದಲು ಕೇಳುವುದು ‘ಹೆಂಗಾತು?’ ಎಂದು, ಮನೆಯವರು ಮೊದಲಿನಿಂದ ಕೊನೆಯವರೆಗೆ ಹೇಳಬೇಕು, ಬಂದವರಿಗೆಲ್ಲ ಹೇಳಬೇಕು. ಅಮ್ಮ ಗೋಡೆಗೆ ಒರಗಿ ಮಾತೇ ಆಡುತ್ತಿರಲಿಲ್ಲ. ಹೇಳುವವಳು ಅನ್ನಪೂರ್ಣ ಒಬ್ಬಳೇ. ಅವಳು ಬಾಯಿ ತೆರೆಯುವಷ್ಟರಲ್ಲಿ ಬಂದವರೇ ಮಾತು ಕೊಡುತ್ತಿದ್ದರು. ‘ಎದೆನೋವು ಅಂದ್ರಾ?’ ತಲೆಯಾಡಿಸುತ್ತಿದ್ದಳು. ‘ಮಲಗಿದಲ್ಲೇ ಹೋದ್ರಾ?’ ಅದಕ್ಕೂ ತಲೆಯಾಡಿಸುತ್ತಿದ್ದಳು. ‘ಪುಣ್ಯವಂತ, ನರಳಲಿಲ್ಲ.’ ಅದಕ್ಕೂ. ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಒಬ್ಬೊಬ್ಬರೂ ಒಂದೊಂದು ಸಾವನ್ನು ತೆಗೆದುಕೊಂಡು ಹೊರಟರು.

ಜನ ಕರಗಿದ ಮೇಲೆ ಅವಳು ನನ್ನ ಪಕ್ಕ ಬಂದು ಕೂತಳು. ನಾನು ಏನೂ ಕೇಳಲಿಲ್ಲ. ಬಹಳ ಹೊತ್ತು ಹಿಡಿಯಿತು. ಅವಳು ಹೇಳಿದ್ದು ಇಷ್ಟು.

ಮಧ್ಯಾಹ್ನ. ಅಮ್ಮ ರೊಟ್ಟಿ ತಟ್ಟುತ್ತಿದ್ದರು, ಅವಳು ಬೇಯಿಸುತ್ತಿದ್ದಳು. ಹೊರಗಿನ ಕೋಣೆಯಿಂದ ‘ಅ...’ ಎಂದು ಕೇಳಿಸಿತು. ಅಮ್ಮ ತಟ್ಟುವುದನ್ನು ನಿಲ್ಲಿಸಿದರು. ಒಲೆಯ ಸದ್ದಿಗೆ ಮಾತು ಕೇಳಿಸದೇ ಹೋದೀತೆಂದು ಇವಳು ಒಲೆ ಆರಿಸಿದಳು. ಮತ್ತೆ ‘ಅ... ಅನ್...’ ಎಂದಿತು. ಅಷ್ಟು ಮುಂದಕ್ಕೆ ಹಿಂದೆಂದೂ ಬಂದಿರಲಿಲ್ಲ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅಮ್ಮ ಹಿಟ್ಟಿನ ಕೈಯಿಂದ ಇವಳ ಕೈ ಹಿಡಿದರು. ಕುರ್ಚಿ ಸರಿದ ಸದ್ದಾಯಿತು. ಎದ್ದು ನಿಂತು ಕರೆಯುತ್ತಾರೆ ಎಂದುಕೊಂಡರು. ಆಮೇಲೆ ಮೌನ. ನಡುವೆ ಹಾಗೆ ಸುಮ್ಮನಾಗುವುದು ರೂಢಿಯೇ ಆಗಿತ್ತು.

‘ಹೆಂಚು ತ-ತಣ್ಣಗಾತು’ ಎಂದಳು. ‘ನಾವಿಬ್ರೂ ನ-ನಗ್ತಿದ್ವಿ. ಇವತ್ತು ಬರ್ತೈತೆ ಎಂದು. ಹೋದ್ರೆ ಕೆಡ್ತೈತೆ ಎಂದು. ಇನ್ನೂ ಕಾ-ಕಾಯ್ತಾನೇ ಇದ್ವಿ.’

ಹೊರಗೆ ಜೀಪು ನಿಂತಿತು. ಲೋಕಿಕೆರೆ ಕಡೆಯ ಬಂಧುಗಳು ಒಳಗೆ ಬಂದರು. ಹಿಂದೆಯೇ, ಜ್ವರದಿಂದ ಮಣ್ಣಿಗೆ ಬರಲಾಗದಿದ್ದ, ಯಾರೋ ಕೈಹಿಡಿದು ಕರೆತಂದ ಮುದುಕಿಯೊಬ್ಬರು, ಅವಳ ಅಜ್ಜಿ, ಹೊಸ್ತಿಲಲ್ಲೇ ಕುಸಿದು ಕೂತು ಮೊಮ್ಮಗಳ ಮುಖ ಎರಡೂ ಕೈಯಲ್ಲಿ ಹಿಡಿದರು.

‘ಹೆಂಗಾತೇ ನನ್ನವ್ವಾ? ನನ್ನ ಮಗನಿಗೆ ಹೆಂಗಾತು?’

‘ಹಾರ್ಟು’ ಎಂದಳು ಅನ್ನಪೂರ್ಣ, ಒಂದಿಷ್ಟೂ ತಡವರಿಸದೆ.